ಬಿಸಿಲುಕೋಲಿನಲ್ಲಿ ನಮ್ಮಣ್ಣ

ನಮ್ಮಣ್ಣನ ಹುಬ್ಬು ಬೆಳ್ಳಗಾದದ್ದು ಅವನ ಹದಿನೇಳನೇ ವಯಸ್ಸಿನಲ್ಲಿ. ನರೆತದ್ದಲ್ಲ, ಹತ್ತಿಯ ಎಳೆ ಕೂತದ್ದು. ಬೆಳಿಗ್ಗೆ ಉಜ್ಜಿ ತೊಳೆದುಕೊಂಡು ಹೋದರೂ ಹತ್ತು ಗಂಟೆಗೆಲ್ಲ ಮತ್ತೆ ಬೆಳ್ಳಗೆ. ಬೀದಿಯವರು ಬಿಳಿಹುಬ್ಬು ಎಂದು ಕರೆದೂ ಕರೆದೂ, ಅವನ ನಿಜವಾದ ಹೆಸರು ಅತ್ತಿಗೆಗೂ ಮದುವೆಯ ಹೊತ್ತಿಗೇ ತಿಳಿದದ್ದು.

ನಮ್ಮದು ಹಾಸಿಗೆ ಅಂಗಡಿ. ಒಳಕೋಣೆಯಲ್ಲಿ ಅಣ್ಣ ಹತ್ತಿ ಹಿಂಜುತ್ತಿದ್ದ, ಹೊರಗೆ ಜಗಲಿಯ ಮೇಲೆ ನಾನು ಹಾಸಿಗೆ ಹೊಲಿಯುತ್ತಿದ್ದೆ. ಸೂರಿನಿಂದ ತೂಗುಬಿಟ್ಟ ಆಳುದ್ದದ ಮರದ ಬಿಲ್ಲು. ಅದರ ಬಿಗಿದ ಹುರಿಗೆ ಕೊಡತಿಯಿಂದ ಹೊಡೆದರೆ ಡೊಂಯ್ ಎಂದು ಅದುರಿ, ಗಂಟುಗಟ್ಟಿದ ಹತ್ತಿ ಬಿಡಿಬಿಡಿಯಾಗಿ ಏಳುತ್ತಿತ್ತು. ನಲವತ್ತು ವರ್ಷ ಆ ಡೊಂಯ್‌ಗೆ ತಕ್ಕಂತೆ ನನ್ನ ಸೂಜಿ ನಡೆಯಿತು. ನಾನು ಗಿರಾಕಿಗಳ ಜೊತೆ ಜಗಳವಾಡುವಾಗ ಮಾತ್ರ ಸದ್ದು ನಿಲ್ಲುತ್ತಿತ್ತು. ಅಣ್ಣ ಕಿವಿಗೊಟ್ಟು ಒಳಗೇ ನಗುತ್ತಿದ್ದನಂತೆ.

ಈ ವರ್ಷ ಡಾಕ್ಟರು ಅವನ ಎದೆಯ ಫೋಟೋ ಬೆಳಕಿಗೆ ಹಿಡಿದು, "ಹತ್ತಿ ಬಿಡ್ತೀರೋ, ಉಸಿರು ಬಿಡ್ತೀರೋ, ನೀವೇ ಹೇಳಿ" ಅಂದುಬಿಟ್ಟರು. ತಿಂಗಳ ಕೊನೆಯ ಶನಿವಾರ ಬಿಲ್ಲು ಇಳಿಸುವುದೆಂದು ತೀರ್ಮಾನವಾಯಿತು. ಆಮೇಲೆ ಮಿಲ್ಲಿನಲ್ಲಿ ಹಿಂಜಿದ ಹತ್ತಿ ತಂದು ನಾನೊಬ್ಬನೇ ಹೊಲಿಯುವುದು.

ಆಗಲೇ ಆ ಹುಡುಗಿ ಬಂದದ್ದು. ಡಿಗ್ರಿ ಕೊನೆಯ ವರ್ಷ, ಕಾಲೇಜಿನಲ್ಲಿ ಸಿನಿಮಾ ಪ್ರಾಜೆಕ್ಟು. ಹಳೇ ಕಾಲದ ಕ್ಯಾಮೆರಾ, ಒಬ್ಬೊಬ್ಬರಿಗೆ ಮೂರೇ ನಿಮಿಷದ ಒಂದು ರೀಲು, ಸದ್ದೂ ಬರುವುದಿಲ್ಲವಂತೆ. ಹಾಳಾದರೆ ಇನ್ನೊಂದು ಕೊಡುವುದಿಲ್ಲ. ಒಂದು ವಾರ ಕ್ಯಾಮೆರಾ ತರದೆ ಸುಮ್ಮನೆ ಒಳಕೋಣೆಯ ಮೂಲೆಯಲ್ಲಿ ಕೂತಳು. ನನಗೆ ಮೈಯುರಿ.

"ಏನಮ್ಮ ಮಾಡ್ತಿದ್ದೀಯ ದಿನಾ?"

"ನೋಡ್ತಿದ್ದೀನಿ ಅಂಕಲ್."

"ಬರೀ ನೋಡೋದಕ್ಕೂ ಮಾರ್ಕ್ಸ್ ಕೊಡ್ತಾರಾ ನಿಮ್ಮ ಕಾಲೇಜಲ್ಲಿ?"

ಅಣ್ಣನನ್ನು ಅವಳು ತಾತ ಅನ್ನುತ್ತಿದ್ದಳು. ನಮ್ಮಿಬ್ಬರ ನಡುವೆ ನಾಲ್ಕೇ ವರ್ಷ! ಅತ್ತಿಗೆ, "ಹಾಗಾದ್ರೆ ನಾನು ಅಜ್ಜಿನಾ? ನಾಳೆಯಿಂದ ನಿಂಗೆ ಟೀ ಇಲ್ಲ ಹೋಗೇ" ಎಂದು ಗದರಿ, ಲೋಟದ ತುಂಬ ಟೀ ಕೊಟ್ಟಳು.

ಬಿಲ್ಲು ಇಳಿಸುವ ಶನಿವಾರವೇ ಶೂಟಿಂಗ್ ಎಂದು ಗೊತ್ತಾದಾಗ ನನಗೂ ಹುರುಪು ಬಂತು. ಕಾಲೇಜಿನವರೆಲ್ಲ ನೋಡುವುದು, ನಮ್ಮ ಕೋಣೆ ತಿಪ್ಪೆಯ ಹಾಗೆ ಕಂಡರೆ? ಶುಕ್ರವಾರ ಅಂಗಡಿ ಮುಚ್ಚಿ ಗೋಡೆ ಒರೆಸಿದೆ, ನೆಲ ತೊಳೆದೆ, ಎರಡು ಹೊಸ ಟ್ಯೂಬ್‌ಲೈಟ್ ಹಾಕಿಸಿದೆ. ಅಣ್ಣನಿಗೆ ನೀಲಿ ಅಂಗಿ ತಂದೆ. ಸೂರಿನ ತಗಡಿನಲ್ಲಿ ವರ್ಷಗಳಿಂದ ಒಂದು ತೂತಿತ್ತು, ಅಂಗೈಯಗಲದ್ದು. ಅದಕ್ಕೂ ತೇಪೆ ತಗಡು ಬಡಿದು ಟಾರು ಹಚ್ಚಿದೆ.

ಬೆಳಿಗ್ಗೆ ಹುಡುಗಿ ಕ್ಯಾಮೆರಾ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ಮುಖ ಸಣ್ಣದಾಯಿತು.

"ಅಂಕಲ್... ಬೆಳಕೆಲ್ಲಿ?"

ನಾನು ಜಂಬದಿಂದ ಸ್ವಿಚ್ ಒತ್ತಿದೆ. "ತಗೋ. ಎರಡಿದೆ."

"ಇದಲ್ಲ ಅಂಕಲ್. ಹತ್ತೂವರೆಗೆ ಮೇಲಿಂದ ಬರ್ತಿತ್ತಲ್ಲ, ಬಿಸಿಲುಕೋಲು. ಅದರಲ್ಲಿ ಹತ್ತಿ ತೇಲೋದು. ನಾನು ತೆಗೀಬೇಕು ಅಂತಿದ್ದಿದ್ದು ಅದನ್ನೇ."

ನನಗೆ ಸಿಟ್ಟು ನೆತ್ತಿಗೇರಿತು. "ಆ ಧೂಳೇ ಕಣಮ್ಮ ನಮ್ಮಣ್ಣನ ಎದೆ ತಿಂದಿದ್ದು! ಅದನ್ನ ಚೆಂದ ಅಂತ ತೋರಿಸ್ತೀಯಾ?"

ಹುಡುಗಿಯ ಕಣ್ಣು ತುಂಬಿತು. ಮಾತಾಡಿದ್ದು ಅಣ್ಣ.

"ತಿಂದಿದ್ದು ನಿಜ ಕಣೋ. ಆದ್ರೆ ನಲವತ್ತು ವರ್ಷ ನಂಗೆ ಜೊತೆ ಇದ್ದಿದ್ದೂ ಅದೇ. ನೀನು ಹೊರಗೆ ಬೆನ್ನು ತಿರುಗಿಸಿ ಹೊಲೀತಾ ಕೂತಿದ್ದೆ. ಒಂದ್ಸಲ ಒಳಗೆ ಬಂದು ನೋಡಿದ್ಯಾ? ಇವತ್ತೇ ಕೊನೆ. ಈ ಮಗುಗಾದ್ರೂ ಸಿಕ್ಲಿ ಬಿಡು."

ನೋಡಿರಲಿಲ್ಲ. ಸುತ್ತಿಗೆ ತೆಗೆದುಕೊಂಡು ಬೈದುಕೊಳ್ಳುತ್ತಲೇ ಏಣಿ ಹತ್ತಿದೆ.

ಟಾರು ಹಸಿಯಾಗಿತ್ತು, ಕೈಗೆ ಮೆತ್ತಿಕೊಂಡಿತು. ಕೆಳಗೆ ಟ್ಯೂಬ್‌ಲೈಟ್ ಆರಿಸಿದ್ದರು. ಅಣ್ಣ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕತ್ತಲಲ್ಲೇ ಶುರುಮಾಡಿದ್ದ. ಕಾಲ ಕೆಳಗಿನ ತಗಡಿನಲ್ಲಿ ಡೊಂಯ್ ಡೊಂಯ್ ಎಂದು ಅಂಗಾಲಿಗೆ ಬಡಿಯುತ್ತಿತ್ತು. ಮೊಳೆ ಮೀಟಿ ತೇಪೆ ಎಳೆದು ಬಗ್ಗಿ ನೋಡಿದೆ.

ಏನೆಂದು ಹೇಳಲಿ. ಬಾವಿಯೊಳಗೆ ಇಣುಕಿದಂತಿತ್ತು, ಆದರೆ ಬಾವಿಯ ತುಂಬ ನೀರಿನ ಬದಲು ಬೆಳಕು. ಅದರಲ್ಲಿ ಸಾವಿರಾರು ಎಳೆಗಳು, ಅವಸರವಿಲ್ಲದೆ ಮೇಲೇರುತ್ತ, ಒಂದನ್ನೊಂದು ಸುತ್ತುತ್ತ, ಬಿಲ್ಲು ಮಿಡಿದಾಗ ಒಮ್ಮೆಲೇ ಬೆದರಿ ಚದುರಿ, ಮತ್ತೆ ಮೆಲ್ಲಗೆ ಗುಂಪಾಗುತ್ತ. ಎಲ್ಲಕ್ಕೂ ಕೆಳಗೆ, ಕನಸಿನಲ್ಲಿ ಕಂಡವನ ಹಾಗೆ, ನಮ್ಮಣ್ಣ. ನೀಲಿ ಅಂಗಿ ಬೆಳ್ಳಗಾಗಿತ್ತು. ಕೆಮ್ಮು, ಡಾಕ್ಟರು, ವಯಸ್ಸು ಯಾವುದೂ ಅವನ ಮೇಲಿರಲಿಲ್ಲ. ಒಂದು ಎಳೆ ಏರಿ ಬಂದು ನನ್ನ ರೆಪ್ಪೆಯ ಮೇಲೆ ಕೂತಿತು.

"ಅಂಕಲ್, ತಲೆ! ತಲೆ ತೆಗೀರಿ!"

ಕ್ಯಾಮೆರಾ ಆಗಲೇ ಕಿರ್ರನೆ ಓಡುತ್ತಿತ್ತು. ಬೆಳಕಿಗೆ ಅಡ್ಡ ನಾನೇ ಬಗ್ಗಿದ್ದೆ! ಗಾಬರಿಯಿಂದ ಹಿಂದಕ್ಕೆ ಸರಿದವನು ತಗಡಿನ ಮೇಲೆ ಕುಕ್ಕರುಬಡಿದೆ. ಇಳಿದು ಬರುವಷ್ಟರಲ್ಲಿ ರೀಲು ಮುಗಿದಿತ್ತು. ಎಷ್ಟು ಹಾಳಾಯಿತೋ ಅವಳಿಗೂ ತಿಳಿಯದು. ಆದರೆ ಅಣ್ಣ ನಿಲ್ಲಿಸಿರಲಿಲ್ಲ. ಬಿಸಿಲುಕೋಲು ನೆಲದಿಂದ ಗೋಡೆಗೆ ಹತ್ತಿ ಮಾಯವಾಗುವವರೆಗೂ ಮಿಡಿದ. ಆಮೇಲೆ ಹುರಿ ಸಡಿಲಿಸಿ ಬಿಲ್ಲು ಇಳಿಸಿ, ಗೋಡೆಗೆ ಒರಗಿಸಿದ.

ಹದಿನೈದು ದಿನ ನನಗೆ ಊಟ ಸೇರಲಿಲ್ಲ. ಮಗುವಿನ ವರ್ಷವನ್ನೇ ನನ್ನ ಮಂಡೆಯಿಂದ ಕೆಡಿಸಿದೆನಲ್ಲ ಎಂದು ಕೊರಗು.

ಕಾಲೇಜಿನ ಹಾಲಿನಲ್ಲಿ ತೋರಿಸುವ ದಿನ ಮೂವರೂ ಹೋದೆವು. ದೀಪ ಆರಿತು. ಪರದೆ ಕಪ್ಪಗೇ ಇತ್ತು. ಮೇಲೊಂದು ಸೀಳು ಬೆಳಕು, ಟಾರು ಮೆತ್ತಿದ ನನ್ನ ಬೆರಳು. ಬೆಳಕು ದೊಪ್ಪನೆ ಸುರಿಯಿತು. ಹತ್ತಿ ಏಳತೊಡಗಿತು. ಅಷ್ಟರಲ್ಲಿ ದುಂಡನೆಯ ನೆರಳೊಂದು ಅಡ್ಡ ಬಂದು, ಎಲ್ಲ ಮಸುಕಾಗಿ, ಆ ನೆರಳಿನ ಅಂಚಿನಲ್ಲಿ ಮಾತ್ರ ಎಳೆಗಳು ಮಿಣುಗಿದವು. ನೆರಳು ಸರಿದೊಡನೆ ಕೆಳಗೆ ಅಣ್ಣ ಕಾಣಿಸಿದ. ರೀಲು ಇನ್ನೂ ಓಡುತ್ತಿತ್ತು. ಅವಳ ಮೇಷ್ಟ್ರು, "ಆ ನೆರಳಿನ ಯೋಚನೆ ಎಲ್ಲಿಂದ ಬಂತಮ್ಮ?" ಎಂದು ಕೇಳಿದರು.

"ಅಂಕಲ್‌ದು ಸರ್" ಅಂದಳು ಹುಡುಗಿ.

ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ನಾನು ಅಣ್ಣನ ಕಡೆ ತಿರುಗಿದರೆ, ಅವನು ಪರದೆ ನೋಡುತ್ತಲೇ ಇರಲಿಲ್ಲ. ಕತ್ತೆತ್ತಿ, ಹಿಂದಿನ ಯಂತ್ರದಿಂದ ಪರದೆಗೆ ಹೋಗುತ್ತಿದ್ದ ಬೆಳಕಿನ ಕೋಲನ್ನು ನೋಡುತ್ತಿದ್ದ. ಅದರಲ್ಲಿ ಆ ಹಾಲಿನ ಧೂಳು ಮೆಲ್ಲಗೆ ತೇಲುತ್ತಿತ್ತು.

"ನೋಡೋ" ಅಂದ, ನನ್ನ ಮೊಣಕೈ ತಿವಿದು.

ಈ ಸಲ ನೋಡಿದೆ.