ಶ್ಶಣ್ಣ ಪಟ್ಟಿ ಕಟ್ಟಿಕೊಂಡದ್ದು

ಗ್ರಂಥಾಲಯದ ಓದುವ ಕೋಣೆಯಲ್ಲಿ ಯಾರಾದರೂ ಮಾತಾಡಿದರೆ ಹಿಂದಿನಿಂದ ಹೋಗಿ, ತುಟಿಗೆ ಬೆರಳಿಟ್ಟು ‘ಶ್’ ಎನ್ನುವುದು ಅವನ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿ ಮಾಡಿ ಊರವರ ಬಾಯಲ್ಲಿ ಅವನು ಶ್ಶಣ್ಣನಾಗಿದ್ದ. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ಮಕ್ಕಳಿಲ್ಲದ ಮನೆ, ಒಂದು ಬೂದು ಬೆಕ್ಕು. ಅದೊಮ್ಮೆ ಮೇಲಿನ ಮನೆಯ ದರ್ಜಿಯ ಬೀರುವಿನೊಳಗೆ ಎರಡು ದಿನ ಸಿಕ್ಕಿಬಿದ್ದಿತ್ತು. ಯಾವುದೋ ಬೀದಿ ಬೆಕ್ಕೆಂದು ದರ್ಜಿ ಓಡಿಸಲು ಹೋಗಿ ಕೈಯೆಲ್ಲ ಪರಚಿಸಿಕೊಂಡ.

“ಕೊರಳಿಗೊಂದು ಪಟ್ಟಿ, ಒಂದು ಗೆಜ್ಜೆ, ನನ್ನ ಫೋನ್ ನಂಬರು. ಇವತ್ತೇ ತಗೊಂಡು ಬನ್ನಿ,” ಎಂದಳು ಹೆಂಡತಿ.

ಶ್ಶಣ್ಣ ಯಾವ ಕೆಲಸವನ್ನೂ ಅರೆಬರೆ ಮಾಡುವವನಲ್ಲ. ಒಂದು ಕೈಯಲ್ಲಿ ಬೆಕ್ಕು, ಇನ್ನೊಂದರಲ್ಲಿ ಒಂದೊಂದೇ ಪುಸ್ತಕ ಎತ್ತಿ ತೂಗಿದ. ನಿಘಂಟಿನ ನಾಲ್ಕನೇ ಸಂಪುಟ ಬೆಕ್ಕಿನ ತೂಕಕ್ಕೆ ಸರಿಹೋಯಿತು. ಅದನ್ನೇ ಚೀಲದಲ್ಲಿಟ್ಟುಕೊಂಡು ಅಂಗಡಿಗೆ ಹೋದ.

“ಬೆಕ್ಕೆಲ್ಲಿ?” ಎಂದಳು ಅಂಗಡಿಯಾಕೆ.

“ತೂಕ ತಂದಿದೀನಿ.”

ಅವಳು ತೋರಿಸಿದ ಪಟ್ಟಿಗಳನ್ನು ಒಂದೊಂದಾಗಿ ನಿಘಂಟಿಗೆ ಬಿಗಿದು ಕಿಟಕಿಯ ಸರಳಿಗೆ ನೇತುಹಾಕಿದ. ಚರ್ಮದ್ದು ಜಪ್ಪಯ್ಯ ಅನ್ನಲಿಲ್ಲ. ಬೆಕ್ಕೇನಾದರೂ ಹಾಗೆ ಸಿಕ್ಕಿಕೊಂಡರೆ ಉಸಿರು ಕಟ್ಟಿದಂತೆಯೇ. ಹಳದಿ ನೂಲಿನದ್ದರ ಕೊಂಡಿ ಮಾತ್ರ ಟಪ್ಪನೆ ಬಿಚ್ಚಿಕೊಂಡಿತು. ನಿಘಂಟು ಅಂಗಡಿಯಾಕೆಯ ಕಾಲ್ಬೆರಳಿನ ಪಕ್ಕ ಬಿತ್ತು. “ಇದೇ ಇರ್ಲಿ,” ಎಂದ ಶ್ಶಣ್ಣ ಸಮಾಧಾನದಿಂದ.

ಬೆಕ್ಕಿಗೆ ಸಮಾಧಾನವಾಗಲಿಲ್ಲ. ಪಟ್ಟಿಯಿಂದ ಹಿಂದಕ್ಕೆ ಜಾರಿ ಹೊರಬರಬಹುದೆಂದು ಅದು ಹಿಮ್ಮುಖವಾಗಿ ನಡೆಯುತ್ತ ಮಂಚ, ಮೇಜು, ಬಕೆಟ್ಟು ಎಲ್ಲಕ್ಕೂ ಡಿಕ್ಕಿ ಹೊಡೆಯಿತು. ಕೊನೆಗೆ ಹಿಂಡಿ ಎಸೆದ ಬಟ್ಟೆಯಂತೆ ನೆಲಕ್ಕೊರಗಿತು. ಶ್ಶಣ್ಣ ಅದನ್ನೆತ್ತಿಕೊಂಡು ಪಶುವೈದ್ಯೆಯ ಬಳಿ ಓಡಿದ.

“ಎರಡು ಬೆರಳು ತೂರೋ ಹಾಗಿರ್ಲಿ,” ಎಂದರು ಅವರು. “ಮೊದಲು ಐದು ನಿಮಿಷ, ಅದೂ ಊಟದ ಹೊತ್ತಲ್ಲಿ ಹಾಕಿ. ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ. ಅದಕ್ಕೆ ಒಂಟಿ ಅನ್ನಿಸ್ಬಾರ್ದು, ನೀವೂ ಜೊತೆಗಿರಿ.”

‘ಜೊತೆಗಿರಿ’ ಎಂಬ ಮಾತು ಶ್ಶಣ್ಣನ ಮನಸ್ಸಿಗೆ ನಾಟಿತು. ಮತ್ತೆ ಅಂಗಡಿಗೆ ಹೋಗಿ, ದೊಡ್ಡ ನಾಯಿಯ ಅಳತೆಯ, ಗೆಜ್ಜೆ, ಬಿಲ್ಲೆಗಳಿದ್ದ ಹಳದಿ ಪಟ್ಟಿ ಕೊಂಡ. ಬಿಲ್ಲೆಯ ಮೇಲೆ ಯಾವ ನಂಬರು ಕೊರೆಯಬೇಕೆಂದು ಅಂಗಡಿಯಾಕೆ ಕೇಳಿದಾಗ, ಯೋಚಿಸದೆ ಹೆಂಡತಿಯದ್ದನ್ನೇ ಹೇಳಿದ.

ಅವತ್ತಿನಿಂದ ಊಟದ ಹೊತ್ತಿಗೆ ಅವನೂ ಬೆಕ್ಕೂ ಇಬ್ಬರೂ ಪಟ್ಟಿ ಕಟ್ಟಿಕೊಂಡು ನೆಲದ ಮೇಲೆ ಕೂತು ಉಣ್ಣತೊಡಗಿದರು. ಬೆಕ್ಕು ಅವನ ಕೊರಳನ್ನು ಮೂಸಿ, ಯೋಚಿಸಿ, ತನ್ನ ತಟ್ಟೆಗೆ ಬಾಯಿ ಹಾಕಿತು. ಹೆಂಡತಿ ಇಬ್ಬರಿಗೂ ಬಡಿಸಿದಳು.

ನಾಲ್ಕನೇ ದಿನ ಶ್ಶಣ್ಣ ಪಟ್ಟಿ ಬಿಚ್ಚುವುದನ್ನು ಮರೆತು ಕೆಲಸಕ್ಕೆ ಹೋದ. ಓದುವ ಕೋಣೆಯಲ್ಲಿ ಹೆಜ್ಜೆ ಹೆಜ್ಜೆಗೂ ಗಿಲ್ ಗಿಲ್. ದಿನಾ ಪತ್ರಿಕೆ ಓದಲು ಬರುವ, ಕಣ್ಣು ಮಂಜಾದ ನಿವೃತ್ತ ರೈಲು ಚಾಲಕರು ಹತ್ತಿರ ಬಂದು, ಭೂತಗನ್ನಡಿ ಹಿಡಿದು ಅವನ ಕೊರಳ ಬಿಲ್ಲೆ ಓದಿದರು. ಶ್ಶಣ್ಣ ಮಿಸುಕದೆ ನಿಂತ. ಅವರು ನೇರ ಪಡಸಾಲೆಗೆ ಹೋಗಿ ಫೋನ್ ಮಾಡಿದರು.

“ಹಲೋ, ನಿಮ್ದೊಂದು ಇಲ್ಲಿ ಗ್ರಂಥಾಲಯದಲ್ಲಿದೆ.”

ಹೆಂಡತಿ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು. “ಅಯ್ಯೋ, ಅಲ್ಲೀವರೆಗೂ ಹೋಯ್ತಾ! ಏಟೇನಾದ್ರೂ ಬಿದ್ದಿದೆಯಾ?”

“ಇಲ್ಲಮ್ಮ, ಚೆನ್ನಾಗಿದೆ. ಕನ್ನಡಕ ಹಾಕ್ಕೊಂಡು ಪುಸ್ತಕ ಜೋಡಿಸ್ತಿದೆ.”

ಅವಳು ಚಪ್ಪಲಿ ಕಳಚಿದಳು. “ಓ, ಅದಾ? ಅಲ್ಲೇ ಇರ್ಲಿ ಬಿಡಿ. ಸಂಜೆ ತಾನಾಗೇ ಬರುತ್ತೆ.”

ಸುದ್ದಿ ಗ್ರಂಥಾಲಯದ ಮುಖ್ಯಸ್ಥೆಯ ಕಿವಿಗೂ ಬಿತ್ತು. “ತೆಗೀರಿ ಅದನ್ನ,” ಎಂದರು ಅವರು.

“ತೆಗೆದ್ರೆ ಬೆಕ್ಕಿಗೆ ಗೊತ್ತಾಗುತ್ತೆ ಮೇಡಂ. ಸಂಜೆ ಮೂಸಿ ನೋಡುತ್ತೆ.”

ಮುಖ್ಯಸ್ಥೆ ನಿಯಮಾವಳಿಯನ್ನು ತಿರುವಿಹಾಕಿದರು. ಛತ್ರಿ, ತಿಂಡಿ, ನಾಯಿ ಒಳಗೆ ಬರುವಂತಿಲ್ಲ ಎಂದಿತ್ತೇ ಹೊರತು ನೌಕರರ ಕೊರಳಿನ ಬಗ್ಗೆ ಚಕಾರವಿರಲಿಲ್ಲ. ಕೊನೆಗೆ ಗೆಜ್ಜೆಯೊಳಗೆ ಹತ್ತಿ ತುರುಕಬೇಕೆಂದು ಲಿಖಿತ ಆದೇಶ ಕೊಟ್ಟರು. ಶ್ಶಣ್ಣ ಸಹಿ ಹಾಕಿ ಪ್ರತಿ ಪಡೆದ.

ಒಂಬತ್ತನೇ ದಿನ ಬೆಳಿಗ್ಗೆ ಬೆಕ್ಕು ಪಟ್ಟಿ ಸಮೇತ ಕೋಣೆಯ ಈ ತುದಿಯಿಂದ ಆ ತುದಿಗೆ ಮುಂದಕ್ಕೇ ನಡೆದು, ಮೈಮುರಿದು, ಪಂಜ ನೆಕ್ಕುತ್ತ ಕೂತಿತು. ಗಂಡ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಶ್ಶಣ್ಣ ತನ್ನದನ್ನು ಬಿಚ್ಚಿದ. ಕತ್ತಿನ ಸುತ್ತ ಕೆಂಪಗೆ ಗೆರೆ ಎದ್ದಿತ್ತು. ಹೆಂಡತಿ ಮುಲಾಮು ಹಚ್ಚುತ್ತ ಕೇಳಿದಳು:

“ಅಷ್ಟು ಜನರ ಮುಂದೆ ನಾಚಿಕೆ ಆಗ್ಲಿಲ್ವೇನ್ರೀ?”

“ಆಯ್ತು. ಆದ್ರೆ ಇಷ್ಟು ವರ್ಷದಲ್ಲಿ ಅಲ್ಲಿ ಯಾರೂ ನನ್ನನ್ನ ಮಾತಾಡಿಸಿರ್ಲಿಲ್ಲ ಕಣೆ. ಈಗ ಎಲ್ಲರೂ ಬಂದು ಪಿಸುಗುಡ್ತಾರೆ. ರೈಲಿನವರು ಅವರ ಮನೆ ಬೆಕ್ಕಿನ ಫೋಟೋ ತೋರ್ಸಿದ್ರು. ಅದಕ್ಕೂ ಪಟ್ಟಿ ಕಟ್ಬೇಕಂತೆ, ಭಾನುವಾರ ಬನ್ನಿ ಅಂದಿದಾರೆ.”

“ಹೇಗಿದೆ ಅವರ ಬೆಕ್ಕು?”

“ಅದು ಮೊಲ. ಪಾಪ, ನಾನು ಹೇಳೋಕೆ ಹೋಗ್ಲಿಲ್ಲ.”