ಬೆಳದಿಂಗಳಿಗೆ ಟ್ಯೂಬ್‌ಲೈಟ್

ಎಪ್ಪತ್ತರ ದಶಕದ ಕೊನೆಗೆ ನಾನು ಪುಣೆಯಲ್ಲಿ ನಾಟಕ, ನೃತ್ಯಗಳಿಗೆ ಬೆಳಕಿನ ವಿನ್ಯಾಸ ಮಾಡುತ್ತಿದ್ದೆ. ಅದು ಏನು ಕೆಲಸ ಎಂದು ವಿವರಿಸಿ ವಿವರಿಸಿ ಸಾಕಾಗಿತ್ತು. ಧಾರವಾಡದಿಂದ ಬಂದ ಅವ್ವ ಕೂಡ ಒಂದು ನಾಟಕವನ್ನು ಪೂರ್ತಿ ನೋಡಿ, "ಎಲ್ಲಾ ಛಲೋ ಇತ್ತು, ಆದ್ರ ನೀ ಎಲ್ಲಿದ್ದಿ?" ಎಂದು ಕೇಳಿದ್ದಳು.

ಆದರೆ ನನ್ನ ತಾಳ್ಮೆಯನ್ನು ನಿಜವಾಗಿ ಹಿಂಡಿದವರು ಉಡುಪಿ ಕಡೆಯ ಒಬ್ಬ ಹೋಟೆಲ್ ಯಜಮಾನರು. ಮಗಳ ಮೊದಲ ಭರತನಾಟ್ಯ ಕಾರ್ಯಕ್ರಮಕ್ಕೆ ಸಭಾಗೃಹ ಹಿಡಿದಿದ್ದರು. ಹುಡುಗಿಯ ಗುರು ಮರಾಠಿ ಹೆಂಗಸು, ಮಹಾ ಶಿಸ್ತಿನವರು. ನಾಯಕಿ ನಲ್ಲನಿಗಾಗಿ ಕಾಯುವ ಪದವೊಂದಕ್ಕೆ ಬರೀ ಬೆಳದಿಂಗಳು ಇರಬೇಕು ಎಂದಿದ್ದರು. ನಾನು ದೀಪಗಳಿಗೆ ನೀಲಿ ಹಾಳೆ ಕಟ್ಟಿ, ಒಂದೇ ಪಕ್ಕದಿಂದ ತೆಳುವಾಗಿ ಬೆಳಕು ಬಿಟ್ಟೆ. ತಾಲೀಮಿನಲ್ಲಿ ಅವರು ತಲೆದೂಗಿದರು. ಅದು ಅಪರೂಪ.

ಯಜಮಾನರು ಹಿಂದಿನ ಸಾಲಿನಿಂದ ಎದ್ದು ಬಂದರು.

"ಎಂತ ಮಾರಾಯ್ರೇ, ಫ್ಯೂಸ್ ಹೋಯಿತಾ?"

"ಇಲ್ರಿ. ಅಲ್ಲಿ ರಾತ್ರಿ ಅದ. ಬೆಳದಿಂಗಳು."

"ಬೆಳದಿಂಗಳು ಇರಲಿ. ಜೊತೆಗೆ ಎರಡು ಟ್ಯೂಬ್‌ಲೈಟ್ ಹಾಕಿ. ಊರಿಂದ ಜನ ಬರ್ತಾರೆ, ಹುಡುಗಿಯ ಮುಖ ಕಾಣುವುದು ಬೇಡವಾ?"

"ಬೆಳದಿಂಗಳದಾಗ ಟ್ಯೂಬ್‌ಲೈಟ್ ಎಲ್ಲಿಂದ ಬರಬೇಕ್ರಿ?"

"ನಮ್ಮ ಹೋಟೆಲಿಂದ ಕಳಿಸ್ತೇನೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೆರಳು ಏಕೆ ಬೇಕು ಎಂದು ಗಂಟಲು ಒಣಗುವವರೆಗೆ ಹೇಳಿದೆ. "ಆಯ್ತು, ನಿಮ್ಮಿಷ್ಟ" ಎಂದರು. ನಾನು ನಂಬಿದೆ.

ಕಾರ್ಯಕ್ರಮದ ದಿನ ಆ ಪದ ಅರ್ಧಕ್ಕೆ ಬಂದಿರುವಾಗ ಯಜಮಾನರು ರಂಗದ ಪಕ್ಕಕ್ಕೇ ಬಂದುಬಿಟ್ಟರು. ಬೆಳಕನ್ನು ಏರಿಸಿ ಇಳಿಸುವ ಹಿಡಿಕೆಗಳ ಮುಂದೆ ನಾನು ನಿಂತಿದ್ದೆ.

"ಸ್ವಲ್ಪ ಜಾಸ್ತಿ ಮಾಡಿ."

"ಹೋಗಿ ಕೂಡ್ರಿ," ಎಂದು ಹಲ್ಲು ಕಚ್ಚಿ ಹೇಳಿದೆ.

ಅವರು ತಾವೇ ಹಿಡಿಕೆಗೆ ಕೈ ಹಾಕಿದರು. ನಾನು ಅವರ ಮಣಿಕಟ್ಟು ಹಿಡಿದೆ. ಅಲ್ಲಿ ಹುಡುಗಿ ನಲ್ಲನ ದಾರಿ ಕಾಯುತ್ತಿದ್ದರೆ, ಇಲ್ಲಿ ಪರದೆಯ ಮರೆಯಲ್ಲಿ ನಾವಿಬ್ಬರೂ ಸದ್ದಿಲ್ಲದೆ ಜಗ್ಗಾಡಿದೆವು. ಕೊನೆಗೆ ಅವರೇ ಕೈ ಸಡಿಲಿಸಿದರು.

"ಇವಳು ಕ್ಲಾಸಿಗೆ ಹೋಗುವ ಹೊತ್ತಿಗೆಲ್ಲ ನಾನು ಗಲ್ಲಾದಲ್ಲಿ. ಒಂದು ದಿನವೂ ಕುಣಿದದ್ದು ನೋಡಿದವನಲ್ಲ. ಕಣ್ಣು ಬೇರೆ ಮಂದ ಆಗಿದೆ, ತಾಲೀಮಿನಲ್ಲೂ ಮುಖ ಕಾಣಲಿಲ್ಲ. ಇವತ್ತಾದರೂ ಕಾಣಲಿ ಮಾರಾಯ್ರೇ."

ಇದನ್ನು ತಾಲೀಮಿನಲ್ಲೇ ಹೇಳಬಾರದಿತ್ತೆ? ಹಾಳಾಗಲಿ ಎಂದು ಎದುರಿನ ಬೆಳಕನ್ನು ನಿಧಾನವಾಗಿ ಏರಿಸಿದೆ. ಹುಡುಗಿಯ ಮುಖ ಮೂಡಿತು. ಯಜಮಾನರು ಪರದೆಯ ಅಂಚು ಹಿಡಿದು ಅಲ್ಲಾಡದೆ ನಿಂತರು. ನನಗೆ ಅವರ ಮೇಲಿಗಿಂತ, ಕರಗಿಹೋದ ನನ್ನ ಮೇಲೆಯೇ ಹೆಚ್ಚು ಸಿಟ್ಟು ಬಂದಿತ್ತು.

ಮಧ್ಯಂತರದಲ್ಲಿ ಗುರುಗಳು ಧಾವಿಸಿ ಬಂದರು. "ಚಂದ್ರ ಕುಠೇ ಗೇಲಾ?" ಚಂದ್ರ ಎಲ್ಲಿ ಹೋದ ಎಂದು ಪಕ್ಕವಾದ್ಯದವರ ಎದುರೇ ಮರಾಠಿಯಲ್ಲಿ ನನ್ನನ್ನು ಜಾಡಿಸಿದರು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ನಡುವೆ ಬಂದು, ತಮಗೆ ತಿಳಿದ ಹಿಂದಿಯಲ್ಲಿ, "ಬಹುತ್ ಅಚ್ಛಾ ಆದ್ಮಿ, ಮೇಡಂ. ಮೈ ಬೋಲಾ, ಹಾಗೇ ಕಿಯಾ" ಎಂದು, ತಾವು ಹೇಳಿದಂತೆಯೇ ನಾನು ಮಾಡಿದೆನೆಂದು ಅರ್ಧ ಕನ್ನಡ ಬೆರೆಸಿ ಹೊಗಳಿದರು. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಆ ವರ್ಷವೆಲ್ಲ ಗುರುಗಳು ನನ್ನನ್ನು ಕರೆಯಲಿಲ್ಲ. ಯಜಮಾನರು ಮಾತ್ರ, ನಾನು ಹೋಟೆಲಿನ ಮುಂದೆ ಹಾದರೆ ಸಾಕು, ಒಳಗಿಂದಲೇ ಕೂಗಿ ಕೂರಿಸಿ ದೋಸೆ ತಿನ್ನಿಸುತ್ತಿದ್ದರು. ದೋಸೆ ಚೆನ್ನಾಗಿಯೇ ಇರುತ್ತಿತ್ತು. ಅದೂ ನನಗೆ ಸಿಟ್ಟು ತರಿಸುತ್ತಿತ್ತು.