ಟಪಾಲು ದೋಣಿಯಲ್ಲಿ ಒಂದು ದಿನದ ರಾಜ

ಮಲಯದ ಪಿನಾಂಗ್ ರೇವಿನ ಟಪಾಲು ದೋಣಿಗೆ ಚುಕ್ಕಾಣಿ ಹಿಡಿಯುತ್ತಿದ್ದ ಪಾಕ್ ಇತಾಮನಿಗೆ ಇಬ್ಬರು ಹೆಂಡಿರು ಎಂದು ಊರು ಆಡಿಕೊಳ್ಳುತ್ತಿತ್ತು. ಒಬ್ಬಳು ಮನೆಯಲ್ಲಿದ್ದ ಮಾಕ್ ಬಿದಾ. ಇನ್ನೊಬ್ಬಳು ಬೆಟ್ಟದ ನೆತ್ತಿಯ ಕಂಬಕ್ಕೇರುವ ಬಾವುಟ. ಯಾರ ಮಾತು ನಡೆಯುತ್ತಿತ್ತೆಂದು ಯಾರೂ ಕೇಳಬೇಕಾಗಿರಲಿಲ್ಲ.

ವಿಲಾಯಿತಿಯ ಟಪಾಲು ಹೊತ್ತ ಹೊಗೆ ಹಡಗು ದೂರದಲ್ಲಿ ಕಂಡೊಡನೆ ಬಾವುಟ ಏರುತ್ತಿತ್ತು. ಹಡಗು ಲಂಗರು ಹಾಕಿದೊಡನೆ ಕೋಟೆಯಲ್ಲಿ ತೋಪು ಹಾರುತ್ತಿತ್ತು. ಅಷ್ಟರಲ್ಲಿ ಇತಾಮನ ದೋಣಿ ದಡ ಬಿಟ್ಟಿರಬೇಕು. ಇಲ್ಲದಿದ್ದರೆ ಗುತ್ತಿಗೆ ಇನ್ನೊಬ್ಬರ ಪಾಲು. ಆ ಇನ್ನೊಬ್ಬ ಯಾರೆಂಬುದು ಗುಟ್ಟೇನಲ್ಲ. ತಮಿಳು ಸೀಮೆಯಿಂದ ಬಂದ ಚೂಲಿಯಾ ದೋಣಿಗಾರ ಮೈದೀನ್ ಪಿಚ್ಚೈ ತನ್ನ ದೋಣಿಗೆ ಹೊಸ ಬಣ್ಣ ಬಳಿಸಿ ಪಕ್ಕದಲ್ಲೇ ಕಟ್ಟಿಕೊಂಡು, "ಪಾಕ್ ಇತಾಮ್, ಸೊಂಟನೋವು ಹ್ಯಾಗಿದೆ? ಜಾಸ್ತಿ ಆಗಿಲ್ವಾ?" ಎಂದು ದಿನಾ ಬಹಳ ಪ್ರೀತಿಯಿಂದ ವಿಚಾರಿಸುತ್ತಿದ್ದ.

ಇತಾಮನ ಒಬ್ಬಳೇ ಮಗಳು ಮೆಲೂರ್ ಹುಟ್ಟಿದಾಗ ಅಪ್ಪ ಹಡಗಿನ ಬುಡದಲ್ಲಿ ಟಪಾಲು ಚೀಲ ಹಿಡಿಯುತ್ತಿದ್ದ. ಕೂಸಿನ ತಲೆಕೂದಲು ತೆಗೆಸುವ ಶಾಸ್ತ್ರದ ದಿನವೂ ಅಲ್ಲೇ ಇದ್ದ. ಅವಳು ಕುರಾನು ಓದಿ ಮುಗಿಸಿದ ದಿನ ಹಳದಿ ಅನ್ನದ ತಟ್ಟೆಯ ಮುಂದೆ ಕೂತವನು ತುತ್ತು ಬಾಯಿಗಿಡುವ ಮೊದಲೇ ಎದ್ದು ಓಡಿದ್ದ. ಹಾಗಾಗಿ ಮದುವೆ ಗೊತ್ತಾದಾಗ ಮಾಕ್ ಬಿದಾ ಅನ್ನದ ಸೌಟು ಎತ್ತಿ ಹಿಡಿದೇ ಮಾತಾಡಿದಳು.

"ನೋಡ್ರೀ, ಆವತ್ತೂ ಆ ಬಟ್ಟೆ ಚೂರು ನೋಡ್ಕೊಂಡು ಎದ್ದು ಹೋದ್ರೆ, ತಿರುಗಿ ಮನೆಗೆ ಬರಬೇಡಿ. ಆ ಕಂಬದ ಕೆಳಗೇ ಚಾಪೆ ಹಾಸ್ಕೊಳ್ಳಿ."

ಹೆಂಡತಿ ಆಡಿದ್ದನ್ನು ಮಾಡುವವಳೆಂದು ಇತಾಮ ಬಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವನು ಟಪಾಲು ಕಚೇರಿಗೆ ಹೋಗಿ ಗುಮಾಸ್ತ ಮೊಂತೇರೊನನ್ನು ಹಿಡಿದ. ಮೊಂತೇರೊ ಗೋಡೆಯ ಮೇಲಿನ ಹಡಗುಗಳ ವೇಳಾಪಟ್ಟಿಯನ್ನು ಕಣ್ಣು ಕಿರಿದು ಮಾಡಿ ನೋಡಿ, "ಹಡಗು ಬರೋದು ಶುಕ್ರವಾರ. ಮದುವೆ ಗುರುವಾರ ಇಟ್ಕೋ ಪಾಕ್ ಇತಾಮ್. ಹೇಳಿದ ದಿನಕ್ಕಿಂತ ಮುಂಚೆ ಬಂದ ಹಡಗು ಅಂತ ಲೋಕದಲ್ಲಿ ಒಂದೂ ಇಲ್ಲ. ಗುರುವಾರ ಬಂದ್ರೆ ನಾನೇ ಹುಟ್ಟು ಹಾಕ್ತೀನಿ," ಎಂದ. ಇತಾಮನ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಮದುವೆಗೆ ಮೊಂತೇರೊನನ್ನೂ ಕರೆದ.

ಗುರುವಾರ ಮಧ್ಯಾಹ್ನ ಮೆಲೂರ್ ಮತ್ತು ಅವಳ ಗಂಡ ಲಾಜಿಮ್ ಸಿಂಗಾರದ ಪೀಠದ ಮೇಲೆ ಕೂತಿದ್ದರು. ಲಾಜಿಮ್ ಟಪಾಲು ದೋಣಿಯಲ್ಲೇ ಹುಟ್ಟು ಹಾಕುವ ಹುಡುಗ. ಆದರೆ ಮದುಮಗ ಎಂದರೆ ಒಂದು ದಿನದ ರಾಜ. ಜರಿಯ ಉಡುಪು, ಸೊಂಟದಲ್ಲಿ ಕಠಾರಿ, ತಲೆಯ ಮೇಲೆ ಕೊಡೆ, ಹಿಂದೆ ತಮಟೆಯವರು. ರಾಜ ನೆಲಕ್ಕೆ ಕಾಲಿಡುವಂತಿಲ್ಲ, ಕೆಲಸ ಮುಟ್ಟುವಂತಿಲ್ಲ. ಮದುಮಗಳಂತೂ ಕಣ್ಣೆತ್ತುವಂತೆಯೇ ಇಲ್ಲ. ಎತ್ತಿದರೆ ಹುಡುಗಿಗೆ ನಾಚಿಕೆಯಿಲ್ಲ ಎಂದು ಮುದುಕಿಯರು ವರ್ಷವಿಡೀ ಅಗಿಯುತ್ತಾರೆ.

ಗುಲಾಬಿ ನೀರು ಚಿಮುಕಿಸಿ ಹರಸುವ ಶಾಸ್ತ್ರ ಇನ್ನೇನು ಶುರುವಾಗಬೇಕು, ಬೆಟ್ಟದ ಮೇಲೆ ಬಾವುಟ ಏರಿತು.

ಎಲ್ಲರೂ ನೋಡಿದರು. ಯಾರೂ ನೋಡಲಿಲ್ಲ. ಹುಟ್ಟು ಹಾಕುವವರೆಲ್ಲ ನೆಂಟರೇ, ಎಲ್ಲರೂ ಅಲ್ಲೇ ಉಣ್ಣುತ್ತಿದ್ದರು. ತಟ್ಟೆಯಲ್ಲಿ ಕಳೆದುಹೋದ ಉಂಗುರ ಹುಡುಕುವವರಂತೆ ತಲೆ ತಗ್ಗಿಸಿದರು. ಮೊಂತೇರೊ ಮೇಕೆ ಮಾಂಸದ ಮೂಳೆಯೊಂದನ್ನು ಬಹಳ ಹೊತ್ತು ಪರೀಕ್ಷಿಸಿದ. ಮಾಕ್ ಬಿದಾ ಕೈಯಲ್ಲಿ ಸೌಟು ಹಿಡಿದು ಬಾಗಿಲಿಗೆ ಅಡ್ಡ ನಿಂತಳು. ಇತಾಮನಿಗೆ ಅತ್ತ ದರಿ, ಇತ್ತ ಪುಲಿ. ಅವನ ಕಾಲುಗಳು ಅವನನ್ನು ಕೇಳದೆಯೇ ಚಪ್ಪಲಿ ಹುಡುಕತೊಡಗಿದ್ದವು.

ಪೀಠದ ಮೇಲಿನಿಂದ, ತಗ್ಗಿಸಿದ ತಲೆಯನ್ನು ಎತ್ತದೆಯೇ ಮೆಲೂರ್ ಹೇಳಿದಳು: "ಅಪ್ಪಾ, ಹೋಗೋದಾದ್ರೆ ನಮ್ಮನ್ನೂ ಕರ್ಕೊಂಡು ಹೋಗಿ. ನೀವಿಲ್ದೆ ಇಲ್ಲಿ ನಾವು ಯಾರಿಗೆ ಗೊಂಬೆ ಆಗಿ ಕೂತಿರಬೇಕು?"

ಮದುಮಗಳು ಮಾತಾಡಿದ್ದನ್ನು ಕೇಳಿ ಒಬ್ಬ ಮುದುಕಿಯ ಬಾಯಿಂದ ಎಲೆಅಡಿಕೆ ಜಾರಿತು. ಆದರೆ ಮಾಕ್ ಬಿದಾ ಸೌಟು ಇಳಿಸಿ, "ಸರಿ ಮತ್ತೆ. ನಾನೂ ಬರ್ತೀನಿ," ಎಂದಳು.

ಆಮೇಲೆ ನಡೆದದ್ದನ್ನು ಪಿನಾಂಗ್ ಇನ್ನೂ ಮರೆತಿಲ್ಲ. ರಾಜನನ್ನು ಹೆಗಲ ಮೇಲೆ, ರಾಣಿಯನ್ನು ಪಲ್ಲಕ್ಕಿಯಲ್ಲಿ ಹೊತ್ತು ದಿಬ್ಬಣ ದಡಕ್ಕೆ ಓಡಿತು. ಮದುಮಕ್ಕಳು, ಮಾಕ್ ಬಿದಾ, ತಮಟೆಯವರು ಎಲ್ಲ ದೋಣಿ ಹತ್ತಿದರು. ರಾಜ ಕೆಲಸ ಮುಟ್ಟುವಂತಿಲ್ಲವಲ್ಲ, ಲಾಜಿಮನ ಹುಟ್ಟು ಖಾಲಿ. ಎಲ್ಲರ ಕಣ್ಣೂ ಮೊಂತೇರೊನ ಮೇಲೆ ಬಿತ್ತು.

"ಗುಮಾಸ್ತರೇ, ನಿಮ್ಮ ಮಾತು ನೆನಪಿದೆಯಾ?" ಎಂದ ಇತಾಮ.

"ಹೊಸ ಬೂಟು ಕಣಯ್ಯಾ!"

"ಬೂಟಿಂದ ಯಾರು ಹುಟ್ಟು ಹಾಕು ಅಂದ್ರು? ಕೈಯಿಂದ ಹಾಕಿ."

ತೋಪು ಹಾರಿದಾಗ ದೋಣಿ ದಡದಿಂದ ಒಂದೇ ಒಂದು ಮಾರು ದೂರದಲ್ಲಿತ್ತು. ಆಗಲೇ ಹಗ್ಗ ಬಿಚ್ಚಿ ಕೂತಿದ್ದ ಪಿಚ್ಚೈ ತುಟಿ ಕಚ್ಚಿಕೊಂಡು, ಏನಾದರೂ ಎಡವಟ್ಟಾಗದೆ ಇದ್ದೀತೇ ಎಂಬ ಆಸೆಯಲ್ಲಿ ಹಿಂದೆಯೇ ಹೊರಟ.

ಹಡಗಿನ ಕಪ್ತಾನ ಈ ಸಮುದ್ರಕ್ಕೆ ಹೊಸಬ. ದುರ್ಬೀನಿನಲ್ಲಿ ಅವನಿಗೆ ಕಂಡದ್ದು ಕೊಡೆ, ಜರಿ, ಕಠಾರಿ, ಕೇಳಿದ್ದು ತಮಟೆ. ಈ ದೇಶದ ರಾಜನೇ ಖುದ್ದಾಗಿ ಟಪಾಲು ಒಯ್ಯಲು ಬಂದಿದ್ದಾನೆಂದುಕೊಂಡ. ಗಡಿಬಿಡಿಯಲ್ಲಿ ಕೋಟಿನ ಗುಂಡಿ ಹಾಕಿಕೊಂಡು, ನಾವಿಕರನ್ನು ಸಾಲಾಗಿ ನಿಲ್ಲಿಸಿ, ಸೀಟಿ ಊದಿಸಿದ. ಎಷ್ಟೋ ವರ್ಷಗಳಿಂದ ಇತಾಮನ ತಲೆಯ ಮೇಲೆ ಚೀಲಗಳನ್ನು ಕಸ ಎಸೆದಂತೆ ಎಸೆಯುತ್ತಿದ್ದ ಜನ ಅಂದು ಒಂದೊಂದು ಚೀಲವನ್ನೂ ಕೂಸಿನಂತೆ ಎರಡೂ ಕೈಯಲ್ಲಿ ಇಳಿಸಿದರು. ಏಣಿ ಇಳಿದು ಬಂದ ಅಧಿಕಾರಿ ಸಲಾಮು ಹೊಡೆದ. ಮನೆಗೆ ಬಂದವರಿಗೆ ಎಲೆಅಡಿಕೆ ಕೊಡುವುದು ವಾಡಿಕೆ. ಲಾಜಿಮ್ ತಟ್ಟೆ ಚಾಚಿದ. ರಾಜನ ಎದುರು ಉಗುಳುವುದು ಹೇಗೆಂದು ಅಧಿಕಾರಿ ಸುಣ್ಣಸಮೇತ ಎಲ್ಲವನ್ನೂ ನುಂಗಿ, ಕಣ್ಣಲ್ಲಿ ನೀರು ತುಂಬಿಕೊಂಡು ಇನ್ನೊಂದು ಸಲಾಮು ಹೊಡೆದ.

ಅಷ್ಟರಲ್ಲಿ ಪಿಚ್ಚೈ ಹತ್ತಿರ ಬಂದ. ರಾಜರ ದೋಣಿಗೆ ತಾಗೀತೆಂದು ನಾವಿಕರು ಉದ್ದನೆಯ ಕೋಲಿನಿಂದ ಅವನನ್ನು ದೂರ ನೂಕಿದರು.

"ಯಾವ ರಾಜಾರೀ?" ಪಿಚ್ಚೈ ಕಿರುಚಿದ. "ಅವನು ಲಾಜಿಮು! ಮೊನ್ನೆ ತಾನೆ ನನ್ನ ದೋಣಿಗೆ ಡಾಂಬರು ಬಳಿದ!"

ಅವನ ಭಾಷೆ ಹಡಗಿನಲ್ಲಿ ಯಾರಿಗೂ ಬರುತ್ತಿರಲಿಲ್ಲ. ದೇವರು ದೊಡ್ಡವನು.

ತಿರುಗಿ ಬರುವಾಗ ಮಾಕ್ ಬಿದಾ ಚೀಲಗಳ ಮೇಲೆ ಕೂತಿದ್ದಳು. ಅವಳು ಆ ದೋಣಿ ಹತ್ತಿದ್ದು ಅದೇ ಮೊದಲು. ಕೆಳಗಿನ ಚೀಲವೊಂದನ್ನು ತಟ್ಟಿ ನೋಡಿದಳು.

"ರೀ, ಇದರಲ್ಲಿ ನಮ್ಮನೆಗೇನಾದ್ರೂ ಇದೆಯಾ?"

"ನಮಗ್ಯಾರು ಬರೀತಾರೆ? ನಮ್ಮೋರೆಲ್ಲ ಇಲ್ಲೇ ಇದಾರಲ್ಲ."

"ಯಾವತ್ತಾದ್ರೂ ಬಂದಿತ್ತಾ?"

"ಇಲ್ಲ."

ಅವಳು ಚೀಲದ ಮೇಲಿಂದ ಕೈ ತೆಗೆದಳು. ಬೈದಿದ್ದರೆ ಇತಾಮನಿಗೆ ಹಗುರವಾಗುತ್ತಿತ್ತು. ನಮ್ಮೋರೆಲ್ಲ ಇಲ್ಲೇ ಇದಾರೆ ಎಂದು ತಾನೇ ಆಡಿದ ಮಾತು ಅವನನ್ನೇ ಚುಚ್ಚಿತು. ಇಲ್ಲೇ ಇದ್ದವರನ್ನು ಬಿಟ್ಟು ಅವನು ಇಷ್ಟು ವರ್ಷ ಓಡಿದ್ದ. ಅವನಿಗೆ ತುಂಬ ನಾಚಿಕೆಯಾಯಿತು.

ದಡದಲ್ಲಿ, ಹಡಗಿನವರು ರಾಜಮರ್ಯಾದೆ ಮಾಡಿದ್ದನ್ನು ಕಂಡ ಟಪಾಲು ಕಚೇರಿಯ ಬಿಳಿ ದೊರೆ ಟೋಪಿ ತೆಗೆದು, ಬೆನ್ನು ಬಗ್ಗಿಸಿ ರಾಜನಿಗಾಗಿ ಕಾಯುತ್ತಿದ್ದ. ಎದುರಿಗೆ ತನ್ನದೇ ಗುಮಾಸ್ತ ಬೆವರು ಸುರಿಸುತ್ತ ಹುಟ್ಟು ಹಾಕುವುದನ್ನು ಕಂಡು ನಿಧಾನವಾಗಿ ನೆಟ್ಟಗಾದ. ಅವನ ಮುಖ ಬೇಯುವ ಸೀಗಡಿಯಂತೆ ಬಣ್ಣ ತಿರುಗಿತು. ಆದರೆ ಟಪಾಲು ಹೊತ್ತಿಗೆ ಸರಿಯಾಗಿ ಬಂದಿತ್ತು, ಒಂದು ಚೀಲವೂ ಒದ್ದೆಯಾಗಿರಲಿಲ್ಲ. ಬೈಯಲು ಏನೂ ಸಿಗದೆ ಅವನು, "ಹೊರಡೋ ಟಪಾಲು ಸಿದ್ಧವಾಗಿದೆ. ಸಂಜೆ ಹಡಗು ಬಿಡೋದರೊಳಗೆ ಮುಟ್ಟಿಸು," ಎಂದಷ್ಟೇ ಗುಡುಗಿದ.

ಇತಾಮ ಪಿಚ್ಚೈಯ ಕಡೆ ತಿರುಗಿದ. "ಪಿಚ್ಚೈ, ಈ ಸಲ ನೀನು ಒಯ್ಯಿ."

ಪಿಚ್ಚೈ ಎರಡು ಹೆಜ್ಜೆ ಹಿಂದೆ ಸರಿದ. "ಇದರಲ್ಲೇನೋ ಕಿತಾಪತಿ ಇದೆ."

"ಏನೂ ಇಲ್ಲ ಮಾರಾಯಾ. ನನ್ನ ಮಗಳ ಮದುವೆ."

"ತುವಾನ್‌ಗೆ ಹಿಡಿಸಿದ್ರೆ ಮುಂದಿನ ಸಲಾನೂ ನಾನೇ ಆಗ್ತೀನಿ. ಯೋಚನೆ ಮಾಡು."

ತುವಾನ್ ಎಂದರೆ ಆ ದೊರೆಯೇ. ಇತಾಮ ಯೋಚನೆ ಮಾಡಿದ. ಆಗಲೇ ದಿಬ್ಬಣದ ತಮಟೆ ಮನೆಯ ದಾರಿ ಹಿಡಿದಿತ್ತು. "ಆಗು," ಎಂದು ಹೇಳಿ ಅದರ ಹಿಂದೆ ಓಡಿದ.

ಡಾಂಬರಿನ ವಾಸನೆಯ ಕೈಯಿಂದಲೇ ಮಗಳ ಅಂಗೈಗೆ ಗುಲಾಬಿ ನೀರು ಚಿಮುಕಿಸಿ ಹರಸಿದ. ಹರಸುವಾಗ ಕಲಿತ ದುವಾ ಅರ್ಧ ಮರೆತುಹೋಯಿತು, ಅಳುವೂ ಬಂತು. ಮುದುಕಿಯರಿಗೆ ಅಗಿಯಲು ಇನ್ನೊಂದು ಸಿಕ್ಕಿತು.

ಸಂಜೆ ರೇವಿನಲ್ಲಿ ಹಡಗು ಕೂಗಿತು. ಪೀಠದ ಮೇಲೆ ಇನ್ನೂ ತಲೆ ತಗ್ಗಿಸಿಯೇ ಕೂತಿದ್ದ ಮೆಲೂರ್ ಬೆಚ್ಚಿ, ಪಕ್ಕದಲ್ಲಿ ಸುಳಿದ ಅಮ್ಮನ ಸೆರಗು ಹಿಡಿದೆಳೆದಳು.

"ಅಮ್ಮಾ, ಅಪ್ಪ ಹೋದ್ರಾ?"

"ಇಲ್ಲ ಕಣೇ," ಎಂದಳು ಮಾಕ್ ಬಿದಾ. "ಕೂತಿದಾರೆ. ಮೂರನೇ ಸಲ ಅನ್ನ ಹಾಕಿಸ್ಕೊಂಡ್ರು."